ಮಳೆ ಯಾವ ಊರಲ್ಲಿ ಬರ್ತಿದೆ?

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ಊರಿಗೆ ಹೊರಟಿದ್ದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಬಿಸಿಲು ಅಂದರೆ ಬಿಸಿಲು, ಸ್ಟೇರಿಂಗ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ರೇಡಿಯೊದಲ್ಲಿ ಒಬ್ಬ ಹುಡುಗಿ ಬಹಳ ಖುಷಿಯಿಂದ ಹೇಳುತ್ತಿದ್ದಳು, "ಹೊರಗಡೆ ಜಿಟಿ ಜಿಟಿ ಮಳೆ, ಕೈಯಲ್ಲಿ ಬಿಸಿ ಬಿಸಿ ಕಾಫಿ, ಕಿವಿಯಲ್ಲಿ ಈ ಹಾಡು, ಇನ್ನೇನು ಬೇಕು ಬೆಂಗಳೂರು?" ನಾನು ಕಿಟಕಿಯಿಂದ ತಲೆ ಹಾಕಿ ಆಕಾಶ ನೋಡಿದೆ. ಒಂದು ಚೂರು ಮೋಡವೂ ಇರಲಿಲ್ಲ. ಪಕ್ಕದ ಆಟೊದವರೂ ಅದೇ ಸ್ಟೇಷನ್ ಹಾಕಿದ್ದರು. ನನ್ನ ಮುಖ ನೋಡಿ ನಕ್ಕರು. "ಶುಕ್ರವಾರ ಸುರೀತಲ್ಲ ಮೇಡಂ, ಆ ಮಳೆ ಇರ್ಬೇಕು" ಅಂದರು.

ಸರಿಯಾಗೇ ಹೇಳಿದರು. ಶುಕ್ರವಾರ ಸಂಜೆ ಆಫೀಸ್ ಬಿಡುವ ಮುಂಚೆ ರೆಕಾರ್ಡ್ ಮಾಡಿಟ್ಟು ಹೋದ ಮಾತು ಅದು. ಆಗ ಹೊರಗೆ ಮಳೆ ಬರುತ್ತಿತ್ತೇನೋ, ಪಾಪ. ಸ್ಟೇಷನ್ ಹೆಸರು ಬೇಡ. ಯಾವುದಾದರೂ ಒಂದೇ. ಆ ಹುಡುಗಿಯ ಮೇಲಂತೂ ನನಗೆ ಕೋಪ ಇಲ್ಲ, ಯಾಕೆಂದರೆ ಅಂಥ ಸಾಲುಗಳನ್ನು ಬರೆದುಕೊಡುವ ಕೆಲಸವನ್ನು ನಾನೇ ಸ್ವಲ್ಪ ದಿನ ಮಾಡಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮೂರು ಲಕ್ಕವಳ್ಳಿ ಹತ್ತಿರ. ಭದ್ರಾ ಡ್ಯಾಮಿನ ಪಕ್ಕ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಚಿಕ್ಕವಳಿದ್ದಾಗ ನಮಗೆ ರೇಡಿಯೊ ಅಂದರೆ ಭದ್ರಾವತಿ. 1965ರಲ್ಲಿ ಶುರುವಾದ ಸ್ಟೇಷನ್, 675 ಕಿಲೋಹರ್ಟ್ಸ್. ಮುಳ್ಳು ಅಲ್ಲಿಗೆ ತಿರುಗಿಸಿ ಅಪ್ಪ ಅದರ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದರು, ಅಮ್ಮನ ಉಗುರುಬಣ್ಣವೇ. ಅದಕ್ಕೆ ಅಮ್ಮ ಒಂದು ವಾರ ಮಾತು ಬಿಟ್ಟಿದ್ದಳಂತೆ. ಧಾರವಾಡವೂ ಸಿಗುತ್ತಿತ್ತು, ಬೆಂಗಳೂರೂ ಸಿಗುತ್ತಿತ್ತು, ರಾತ್ರಿ ಹೊತ್ತು ಇನ್ನೂ ಏನೇನೋ ಸಿಗುತ್ತಿತ್ತು. ಆದರೆ ಚುಕ್ಕೆ ಇದ್ದದ್ದು ಭದ್ರಾವತಿಗೆ ಮಾತ್ರ.

ಅಲ್ಲಿ ಏನಿತ್ತು ಅಂತ ಈಗ ಯೋಚಿಸಿದರೆ ಹಾಡೇನೂ ವಿಶೇಷ ಅಲ್ಲ. ಅದೇ ಚಿತ್ರಗೀತೆ, ಅದೇ ಭಾವಗೀತೆ, ಬೇರೆ ಸ್ಟೇಷನ್ನಿನಲ್ಲೂ ಬರುವಂಥವೇ. ವಿಶೇಷ ಇದ್ದದ್ದು ಹಾಡಿನ ನಡುವೆ. ಕೋರಿಕೆ ಕಾರ್ಯಕ್ರಮದಲ್ಲಿ 15 ಪೈಸೆ ಕಾರ್ಡಿನಲ್ಲಿ ಬಂದ ಹೆಸರುಗಳನ್ನು ಓದುವರು. "ಅಜ್ಜಂಪುರದಿಂದ ಸುರೇಶ, ಲತಾ ಮತ್ತು ಮನೆಯವರೆಲ್ಲ, ರಂಗೇನಹಳ್ಳಿಯಿಂದ..." ಅಂತ. ನೋಡಿ, ರಂಗೇನಹಳ್ಳಿ. ಓದುವವರು ಯಾವತ್ತೂ ಅದನ್ನು ರಂಗನಹಳ್ಳಿ ಅನ್ನಲಿಲ್ಲ. ಅವರಿಗೆ ಆ ಊರು ಗೊತ್ತಿತ್ತು. ಬಹುಶಃ ಅಲ್ಲಿಗೆ ಬೀಗರ ಮನೆ ಊಟಕ್ಕೆ ಹೋಗಿ ಬಂದಿದ್ದರು.

ಸಂಜೆ ಪೇಟೆ ಧಾರಣೆ ಹೇಳುವಾಗ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆ, ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ಸರಕು ಇಷ್ಟು. ಆ ದನಿಯಲ್ಲಿ ಏನೂ ಭಾವ ಇರುತ್ತಿರಲಿಲ್ಲ, ಇರಬಾರದು ಅಂತ ನಿಯಮ ಇತ್ತೇನೋ. ಆದರೂ ಅಪ್ಪ ಅಂತಿದ್ದರು, "ಇವತ್ತು ರೇಟು ಬಿದ್ದಿದೆ, ಅವರ ದನಿಯಲ್ಲೇ ಗೊತ್ತಾತು" ಅಂತ. ಮಳೆಗಾಲದಲ್ಲಿ ಡ್ಯಾಮಿನ ಮಟ್ಟ ಹೇಳುವರು. ಭದ್ರಾ ತುಂಬಿದರೆ 186 ಅಡಿ. 180 ದಾಟಿತು ಅಂತ ರೇಡಿಯೊದಲ್ಲಿ ಬಂದರೆ ನಮ್ಮ ಮಾವ ಸೈಕಲ್ ಹತ್ತಿ ಡ್ಯಾಮ್ ನೋಡಲು ಹೊರಡುವರು. ಒಂದೂವರೆ ಮೈಲಿ ದೂರದಲ್ಲಿರುವ ನೀರಿನ ಸುದ್ದಿ ಭದ್ರಾವತಿಗೆ ಹೋಗಿ ಅಲ್ಲಿಂದ ತಿರುಗಿ ನಮ್ಮ ಜಗಲಿಗೆ ಬರಬೇಕಿತ್ತು, ಆಮೇಲೇ ಅದು ನಿಜ.

ನೆನಪಿನ ಹಪಹಪಿ ಇದು ಅಂತ ಅನ್ನಿಸಬಹುದು. ಸ್ವಲ್ಪ ಇದೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಆಕಾಶವಾಣಿ ಆಗಲೂ ಎಷ್ಟೋ ಸಲ ಒಣಒಣ ಇರುತ್ತಿತ್ತು. ಹಾಡಿನ ನಡುವೆ ಅರ್ಧ ನಿಮಿಷ ಸುಮ್ಮನಿರುತ್ತಿತ್ತು, ಕುರ್ಚಿ ಎಳೆದ ಸದ್ದು ಬರುತ್ತಿತ್ತು, ಯಾರೋ ಕೆಮ್ಮುತ್ತಿದ್ದರು. ಹಿಂದೊಮ್ಮೆ, 1952ರಲ್ಲಿ, ಸಿನಿಮಾ ಹಾಡು ಕೀಳು ಅಂತ ಅದನ್ನೇ ಹೆಚ್ಚುಕಮ್ಮಿ ಹೊರಗಿಟ್ಟ ಸಂಸ್ಥೆ ಅದು. ಜನ ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ಹೋದರು. 1957ರಲ್ಲಿ ವಿವಿಧ ಭಾರತಿ ಶುರುವಾಗಿದ್ದೇ ಹೋದವರನ್ನು ವಾಪಸ್ ಕರೆಯುವುದಕ್ಕೆ.

ಆದರೂ ಆ ಒಣ ಸಂಸ್ಥೆಯೊಳಗೇ ಊರಿನ ದನಿಗಳು ಹೇಗೋ ಜಾಗ ಮಾಡಿಕೊಂಡಿದ್ದವು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿ ಅವರು 'ಆಕಾಶವಾಣಿ ಈರಣ್ಣ' ಅಂತಲೇ ಹೆಸರಾದರು, ಸ್ವಂತ ಹೆಸರು ಹಿಂದೆ ಬಿತ್ತು. ಧಾರವಾಡದ ಸ್ಟೇಷನ್ನಿಗೆ ಬೇಂದ್ರೆ ಸಲಹೆಗಾರರಾಗಿದ್ದರು. ಸಾಹಿತಿ ಎನ್ಕೆ ಅಲ್ಲೇ ಕೆಲಸ ಮಾಡಿದರು. ಧಾರವಾಡದ ರೇಡಿಯೊ ಧಾರವಾಡದ ಹಾಗೆ ಮಾತಾಡಿತು ಅಂದರೆ ಆಶ್ಚರ್ಯ ಏನಿದೆ? ಇನ್ನು 'ಆಕಾಶವಾಣಿ' ಅನ್ನುವ ಹೆಸರೇ ನಮ್ಮ ಕಡೆಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಯಂತ್ರ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. 30 ವಾಟ್! ನಮ್ಮ ಹಜಾರದ ಟ್ಯೂಬ್‌ಲೈಟು ಅದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತಿತ್ತು. ಇಡೀ ದೇಶದ ರೇಡಿಯೊಗೆ ಹೆಸರಾಗಿದ್ದು ಒಬ್ಬ ಮೇಷ್ಟ್ರ ಮನೆಯ ಸ್ಟೇಷನ್ನಿನ ಹೆಸರು.

ಸರಿ, ನನ್ನ ಕೆಲಸದ ಕಥೆಗೆ ಬರುತ್ತೇನೆ. ದೇಶದ ಮೊದಲ ಖಾಸಗಿ ಎಫ್‌ಎಂ ಬಂದಿದ್ದು ಬೆಂಗಳೂರಿಗೇ, 2001ರ ಜುಲೈಯಲ್ಲಿ, ರೇಡಿಯೊ ಸಿಟಿ. ಆಗ ನಾನು ಪಿಜಿಯಲ್ಲಿದ್ದೆ. ರೂಮಿನಲ್ಲಿದ್ದ ನಾಲ್ವರೂ ವಾಕ್‌ಮನ್ ತೆಗೆದುಕೊಂಡಿದ್ದೆವು, ಕ್ಯಾಸೆಟ್ಟಿಗಲ್ಲ, ಅದರಲ್ಲಿದ್ದ ಎಫ್‌ಎಂಗೆ. 2006ರ ಹೊತ್ತಿಗೆ ಇನ್ನೂ ನಾಲ್ಕೈದು ಸ್ಟೇಷನ್ ಬಂದವು. ಅದರಲ್ಲಿ ಒಂದರಲ್ಲಿ ನನಗೆ ಪ್ರೊಮೊ ಬರೆಯುವ ಕೆಲಸ ಸಿಕ್ಕಿತು. ಪ್ರೊಮೊ ಅಂದರೆ ನಮ್ಮದೇ ಕಾರ್ಯಕ್ರಮದ ಜಾಹೀರಾತು, ಸ್ವೀಪರ್ ಅಂದರೆ ಹಾಡಿನ ನಡುವೆ ಸ್ಟೇಷನ್ ಹೆಸರು ಕೂಗುವ ತುಣುಕು, ಸ್ಪಾನ್ಸರ್ ಟ್ಯಾಗು, ಆಮೇಲಾಮೇಲೆ ಆರ್‌ಜೆಗಳಿಗೆ ಲಿಂಕು. ಲಿಂಕು ಅಂದರೆ ಎರಡು ಹಾಡಿನ ನಡುವಿನ ಮಾತು.

ಆಗ ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಚನ್ನಪಟ್ಟಣದ ಕಡೆಯವನು. ಹೆಸರು ಬೇಡ, ಈಗ ರೇಡಿಯೊದಲ್ಲಿಲ್ಲ, ರಿಯಲ್ ಎಸ್ಟೇಟಿನಲ್ಲಿದ್ದಾನೆ, ಆರಾಮಾಗಿದ್ದಾನೆ. ಅವನಿಗೆ ನಾನು ಬರೆದದ್ದು ಯಾವುದೂ ಬೇಡ. ಸುಮ್ನೆ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಮೈಕ್ ಆನ್ ಮಾಡಿ ತನಗೆ ಬೆಳಗ್ಗೆ ಏನಾಯಿತೋ ಅದನ್ನು ಹೇಳುವನು. ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರ್ ಜೊತೆ ಜಗಳ, ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ರೇಟು, ಅವರಜ್ಜಿ ಫೋನ್ ಮಾಡಿ "ನಿನ್ನ ರೇಡಿಯೊ ನಮ್ಗೆ ಸಿಕ್ಕಾಕಿಲ್ಲ ಕಣ್ಲಾ, ಜೋರಾಗಿ ಮಾತಾಡು" ಅಂದಿದ್ದು. ಆ ಅಜ್ಜಿಯ ಮಾತು ಹೇಳಿದ ದಿನ ಬಂದ ಫೋನ್‌ಗಳನ್ನು ತೆಗೆದು ತೆಗೆದು ನಮ್ಮ ಕೈ ನೋವು ಬಂತು. ಮದ್ದೂರಿನಿಂದ ಬಂದು ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಕ್ಕಳು, ಓಲ್ಡ್ ಮದ್ರಾಸ್ ರಸ್ತೆಯ ಲಾರಿಯವರು, ಎಲ್ಲರಿಗೂ ಅವರವರ ಅಜ್ಜಿ ನೆನಪಾಗಿದ್ದರು.

ಒಂದು ರಾತ್ರಿ ಸಿಲ್ಕ್ ಬೋರ್ಡ್ ಹತ್ತಿರ ಮಳೆ ನೀರು ನಿಂತು ಎಲ್ಲ ಸಿಕ್ಕಿಹಾಕಿಕೊಂಡರು. ಇವನ ಶೋ ಮುಗಿಯುವುದು ಒಂಬತ್ತಕ್ಕೆ. ಹನ್ನೊಂದೂವರೆವರೆಗೆ ಕೂತ. ಯಾವ ಹಾಡು ಹಾಕಿದನೋ ಯಾರಿಗೂ ನೆನಪಿಲ್ಲ. ಫೋನ್ ಮಾಡಿದವರ ಹತ್ತಿರ ಕೇಳಿ ಕೇಳಿ "ಮಡಿವಾಳದ ಕಡೆಯಿಂದ ಬರಬೇಡಿ, ಒಳಗಡೆ ರಸ್ತೆ ಹಿಡೀರಿ" ಅಂತ ಹೇಳುತ್ತಲೇ ಇದ್ದ. ಗೂಗಲ್ ಮ್ಯಾಪ್ ಎಲ್ಲ ಜೇಬಿಗೆ ಬಂದಿರದ ಕಾಲ. ಮಾರನೇ ದಿನ ಅವನಿಗೆ ಒಂದು ಮೀಟಿಂಗು. ಎರಡೂವರೆ ಗಂಟೆಯಲ್ಲಿ ಇಷ್ಟು ಜಾಹೀರಾತು ತಪ್ಪಿಹೋಗಿದೆ, ಕ್ಲಾಕ್ ಮುರಿದಿದೆ, ಅಂದರೆ ಯಾವ ನಿಮಿಷಕ್ಕೆ ಏನು ಅನ್ನುವ ಪಟ್ಟಿ ತಪ್ಪಿದೆ ಅಂತ. ಆಮೇಲೆ ಬೇರೆ ಏನೋ ನೆಪದಲ್ಲಿ, "ನಿನ್ನ ಭಾಷೆ ಸ್ವಲ್ಪ ರೂರಲ್ ಆಯ್ತು, ಐತೆ ಗಿಐತೆ ಬೇಡ, ನ್ಯೂಟ್ರಲ್ ಮಾಡ್ಕೋ" ಅಂತ. ಅವನು ನನ್ನ ಟೇಬಲ್ ಹತ್ತಿರ ಬಂದು ಕೇಳಿದ್ದು ಇನ್ನೂ ನೆನಪಿದೆ. "ಅಕ್ಕಾ, ನ್ಯೂಟ್ರಲ್ ಕನ್ನಡ ಯಾವೂರಲ್ಲಿ ಮಾತಾಡ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತು. ಎಫ್‌ಎಂನಲ್ಲಿ ಮಾತಾಡುತ್ತಾರೆ. ಬೇರೆಲ್ಲೂ ಇಲ್ಲ. 'ಹಾಯ್ ಗಯ್ಸ್' ಇಂದ ಶುರುವಾಗಿ 'ಸಖತ್', 'ಮಸ್ತ್', 'ಫುಲ್ ಜೋಶ್' ದಾಟಿ 'ಸ್ಟೇ ಟ್ಯೂನ್ಡ್'ಗೆ ಮುಗಿಯುವ ಕನ್ನಡ. ಅದರಲ್ಲಿ ಇಂಗ್ಲಿಷ್ ಇದೆ ಅಂತ ನನ್ನ ತಕರಾರಲ್ಲ, ನಮ್ಮ ಆಟೊದವರೂ ಇಂಗ್ಲಿಷ್ ಬೆರೆಸಿಯೇ ಮಾತಾಡುತ್ತಾರೆ. ಅದಕ್ಕೆ ಊರಿಲ್ಲ ಅನ್ನುವುದು ತಕರಾರು. ಮಂಗಳೂರಿನಲ್ಲಿ ಕೇಳಿದರೂ ಅದೇ ಧಾಟಿ, ಮೈಸೂರಿನಲ್ಲಿ ಕೇಳಿದರೂ ಅದೇ ಧಾಟಿ. ಮೈಸೂರಿನವರು ಅಷ್ಟು ಬೇಗ ಬೇಗ ಮಾತಾಡುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಇದಕ್ಕೆಲ್ಲ ಯಾರೋ ಒಬ್ಬ ಕೆಟ್ಟ ಮ್ಯಾನೇಜರ್ ಕಾರಣ ಅಂದುಕೊಂಡರೆ ಸುಲಭ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ನೋಡಿದರೆ ಬೇರೆ ಕಥೆ. 2015ರಲ್ಲಿ ಸರ್ಕಾರ ಎಫ್‌ಎಂ ಫ್ರೀಕ್ವೆನ್ಸಿ ಹರಾಜು ಹಾಕಿತು. ಬೆಂಗಳೂರಿನ ಒಂದು ಫ್ರೀಕ್ವೆನ್ಸಿ ಹೋಗಿದ್ದು ಸುಮಾರು 109 ಕೋಟಿ ರೂಪಾಯಿಗೆ. 15 ವರ್ಷದ ಲೈಸೆನ್ಸು. ಅಂದರೆ ವರ್ಷಕ್ಕೆ ಏಳು ಕೋಟಿ ಚಿಲ್ಲರೆ, ಅದೂ ಸುಮ್ಮನೆ ಗಾಳಿಗೆ. ಆಮೇಲೆ ಆದಾಯದಲ್ಲಿ ಸರ್ಕಾರಕ್ಕೆ ಪಾಲು, ಹಾಡಿಗೆ ರಾಯಲ್ಟಿ, ಟವರ್ ಬಾಡಿಗೆ, ಕರೆಂಟು, ಸಂಬಳ. ಹತ್ತು ಸೆಕೆಂಡಿನ ಜಾಹೀರಾತು ಮಾರಿ ಇಷ್ಟು ದುಡ್ಡು ತೆಗೆಯಬೇಕು. ಹೀಗಿರುವಾಗ ಚನ್ನಪಟ್ಟಣದ ಹುಡುಗ ಎರಡೂವರೆ ಗಂಟೆ ಜಾಹೀರಾತಿಲ್ಲದೆ ಮಾತಾಡಿದರೆ ಮೀಟಿಂಗು ಕರೆಯದೆ ಇನ್ನೇನು ಮಾಡುತ್ತಾರೆ?

ದುಡ್ಡಿನ ಭಯ ಜಾಸ್ತಿ ಆದಷ್ಟೂ ಹಾಡಿನ ಪಟ್ಟಿ ಚಿಕ್ಕದಾಗುತ್ತದೆ. ನಾನು ಸೇರಿದ ಹೊಸದರಲ್ಲಿ ಆರ್‌ಜೆ ತನ್ನ ಇಷ್ಟದ ಒಂದೆರಡು ಹಾಡನ್ನಾದರೂ ನುಸುಳಿಸಬಹುದಿತ್ತು. ಆಮೇಲೆ ಅದೂ ಹೋಯಿತು. ಯಾರಿಗೋ ಹಾಡಿನ ಒಂದು ತುಣುಕು ಕೇಳಿಸಿ ಅಂಕ ಹಾಕಿಸುತ್ತಾರೆ, ಜಾಸ್ತಿ ಅಂಕ ಬಂದ ಹಾಡು ದಿನಕ್ಕೆ ಐದಾರು ಸಲ. ಸಾಫ್ಟ್‌ವೇರ್ ಬೆಳಗಿಂದ ರಾತ್ರಿವರೆಗಿನ ಲಾಗ್ ಹಾಕಿಕೊಡುತ್ತದೆ, ಈ ನಿಮಿಷಕ್ಕೆ ಈ ಹಾಡು, ಈ ನಿಮಿಷಕ್ಕೆ ಮೂರು ಜಾಹೀರಾತು, ಇಲ್ಲಿ ನಲವತ್ತು ಸೆಕೆಂಡು ಮಾತು. ಆರ್‌ಜೆ ಬಂದು ಆ ನಲವತ್ತು ಸೆಕೆಂಡುಗಳ ಖಾಲಿ ಜಾಗ ತುಂಬಬೇಕು, ಹೋಟೆಲಿನಲ್ಲಿ ಸಾಂಬಾರ್ ಬಟ್ಟಲು ತುಂಬಿದ ಹಾಗೆ. ಅದಕ್ಕೆ ಪಾಪ ಸ್ಟುಡಿಯೊದಲ್ಲಿ ನಾಲ್ಕು ಗಂಟೆ ಯಾಕೆ ಕೂರಬೇಕು? ಎಲ್ಲ ಲಿಂಕುಗಳನ್ನೂ ಮುಕ್ಕಾಲು ಗಂಟೆಯಲ್ಲಿ ಮಾತಾಡಿಟ್ಟು ಹೋಗಬಹುದು. ಶುಕ್ರವಾರವೇ ಭಾನುವಾರದ್ದನ್ನು ಮುಗಿಸಬಹುದು. ಅದಕ್ಕೇ ಭಾನುವಾರದ ಸುಡುಬಿಸಿಲಲ್ಲಿ ಜಿಟಿ ಜಿಟಿ ಮಳೆ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂನವರು ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಹಾಕಬಹುದು, ಅಷ್ಟೇ. ಟ್ರಾಫಿಕ್ಕು, ಹವಾಮಾನ, ನೀರು ಕರೆಂಟು ಬರಲ್ಲ ಅನ್ನುವುದು, ಪರೀಕ್ಷೆ ಫಲಿತಾಂಶ, ಇಂಥದ್ದಕ್ಕೆ ಅಡ್ಡಿಯಿಲ್ಲ. ಅಂದರೆ ಆರ್‌ಜೆಗೆ ಹೇಳುವುದು ಏನು? ಊರಿನ ಬಗ್ಗೆ ಮಾತಾಡು, ಆದರೆ ಊರಲ್ಲಿ ಏನಾಯಿತು ಅಂತ ಮಾತ್ರ ಮಾತಾಡಬೇಡ. ಕೆರೆ ನೊರೆ ಉಗುಳಿದರೆ ಜೋಕ್ ಮಾಡಬಹುದು. ಯಾವ ಕಾರ್ಖಾನೆ, ಯಾವ ಆಫೀಸು, ಯಾಕೆ ಹೀಗೆ ಅಂತ ಕೇಳುವ ಹಾಗಿಲ್ಲ. ಉಳಿಯುವುದು ಸಿನಿಮಾ ಗಾಸಿಪ್ಪು, ಗಂಡ ಹೆಂಡತಿ ಜೋಕು, ಪ್ರಾಂಕ್ ಕಾಲು. ಹತ್ತು ವರ್ಷ ಇದನ್ನೇ ಮಾಡಿದರೆ ಎಂಥ ಮಾತುಗಾರನಾದರೂ ಸವೆದು ಹೋಗುತ್ತಾನೆ. 1995ರಲ್ಲೇ ಸುಪ್ರೀಂ ಕೋರ್ಟು ತರಂಗಗಳು ಜನರ ಸ್ವತ್ತು ಅಂತ ಹೇಳಿತ್ತು. ಸ್ವತ್ತು ಜನರದ್ದೇ, ಸುದ್ದಿ ಮಾತ್ರ ಜನರದ್ದಲ್ಲ.

ಪ್ರಾಂಕ್ ಕಾಲ್ ಅಂದೆ. ಅದರಲ್ಲೂ ಜಾಣರಿದ್ದರು. ಆರ್‌ಜೆ ದಾನಿಶ್ ಸೇಠ್ ಫೋನಿನಲ್ಲಿ ಹುಟ್ಟಿಸಿದ ಕಾರ್ಪೊರೇಟರ್ ನೊಗರಾಜ್ ಬೆಂಗಳೂರಲ್ಲದೆ ಬೇರೆಲ್ಲೂ ಹುಟ್ಟಲು ಸಾಧ್ಯವೇ ಇರಲಿಲ್ಲ. ಆ ಕಾರ್ಪೊರೇಟರ್ ದನಿಯನ್ನು ನಮ್ಮ ವಾರ್ಡಿನಲ್ಲೇ ನಾನು ಕೇಳಿದ್ದೇನೆ. ಸುದ್ದಿ ಹೇಳಬೇಡ ಅಂದಾಗ ಅವರು ಊರನ್ನು ನಕಲಿ ಮನುಷ್ಯನ ಬಾಯಿಯಿಂದ ಒಳಗೆ ತಂದರು. ಆದರೆ ಆಮೇಲೆ ಏನಾಯಿತು? ನೊಗರಾಜ್ ಸಿನಿಮಾಕ್ಕೆ ಹೋದ. ಪ್ರದೀಪ, ರ‍್ಯಾಪಿಡ್ ರಶ್ಮಿ, ಹೀಗೆ ನಾವು ಬೆಳಗ್ಗೆ ಬೆಳಗ್ಗೆ ಕಿವಿಯಲ್ಲಿಟ್ಟುಕೊಂಡು ಓಡಾಡಿದ ದನಿಗಳು ಯೂಟ್ಯೂಬ್ ಕಡೆ ನಡೆದವು. ತಪ್ಪೇನಿಲ್ಲ. ಅಲ್ಲಿ ನಲವತ್ತು ಸೆಕೆಂಡಿನ ಲೆಕ್ಕ ಇಲ್ಲ. ಆದರೆ ಯೂಟ್ಯೂಬಿನಲ್ಲಿ ಅವರನ್ನು ದುಬೈನಲ್ಲೂ ನೋಡುತ್ತಾರೆ, ಡಾಲಸ್‌ನಲ್ಲೂ ನೋಡುತ್ತಾರೆ, ಇವತ್ತೂ ನೋಡುತ್ತಾರೆ, ಮುಂದಿನ ವರ್ಷವೂ ನೋಡುತ್ತಾರೆ. ಆದ್ದರಿಂದ "ಈಗ ಹೆಬ್ಬಾಳದಲ್ಲಿ ಜಾಮ್ ಇದೆ" ಅಂತ ಹೇಳುವ ಅಗತ್ಯವೇ ಅವರಿಗೆ ಬರುವುದಿಲ್ಲ.

ನನ್ನ ಗಂಡ ಇದನ್ನು ಓದಿ ಒಂದು ಪ್ರಶ್ನೆ ಕೇಳಿದರು. "ಅಮೀನ್ ಸಯಾನಿ ನಿಮ್ಮ ಲಕ್ಕವಳ್ಳಿಯವರಾ?" ಅಂತ. ಒಳ್ಳೇ ಪ್ರಶ್ನೆ, ನನಗೆ ಎರಡು ದಿನ ತಲೆ ತಿಂದಿತು. 1952ರಲ್ಲಿ ರೇಡಿಯೊ ಸಿಲೋನಿನಲ್ಲಿ ಶುರುವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾವನ್ನು ಅವರು ಮುಂಬೈಯಲ್ಲಿ ರೆಕಾರ್ಡ್ ಮಾಡುತ್ತಿದ್ದರು, ಟೇಪು ಕೊಲಂಬೊಗೆ ಹೋಗುತ್ತಿತ್ತು, ಅಲ್ಲಿಂದ ಇಡೀ ದೇಶಕ್ಕೆ. ಅಂದರೆ ಮೊದಲೇ ರೆಕಾರ್ಡ್ ಮಾಡಿದ್ದು, ಎಲ್ಲರಿಗೂ ಒಂದೇ. ನಾನು ಬೈದ ಎರಡೂ ಅದರಲ್ಲಿದೆ. ಆದರೂ 2024ರಲ್ಲಿ ಅವರು ತೀರಿಕೊಂಡಾಗ ಹಿಂದಿ ಸರಿಯಾಗಿ ಬಾರದ ನಮ್ಮ ಮಾವ ಕೂಡ ಮನೆಯವರು ಹೋದ ಹಾಗೆ ಕೂತುಬಿಟ್ಟರು.

ಹಾಗಾದರೆ ರೆಕಾರ್ಡಿಂಗ್ ಅಲ್ಲ ತಪ್ಪು. ನನಗೆ ಅನ್ನಿಸುವುದು ಹೀಗೆ. ಅವರ ಕೈಯಲ್ಲಿ ಕಾಗದ ಇತ್ತು. ಊರೂರಿನಿಂದ ರಾಶಿ ರಾಶಿ ಬಂದ ಕಾಗದ, ಕೇಳುಗರ ಸಂಘಗಳಿಂದ ಬಂದ ಓಟು. ಅವರು ಮಾತಾಡಿದ್ದು ಕಾಗದ ಬರೆದವರ ಜೊತೆ. ಅವರು ಮಳೆ ಬರುತ್ತಿದೆ ಅಂತ ಸುಳ್ಳೇ ಹೇಳಲಿಲ್ಲ. ನಾನು ಕೊಲಂಬೊದಲ್ಲೂ ಇಲ್ಲ, ನಿಮ್ಮೂರಲ್ಲೂ ಇಲ್ಲ, ಆದರೆ ನಿಮ್ಮ ಕಾಗದ ನನ್ನ ಮುಂದಿದೆ ಅನ್ನುವ ಭಾವ, ಅವರ ಮಾತಿನಲ್ಲಿ ಅಷ್ಟೇ ಇದ್ದದ್ದು. ಈಗಿನದು ಉಲ್ಟಾ. ದನಿ ನಮ್ಮೂರಿನದೇ ಅನ್ನುವ ಹಾಗೆ ನಟಿಸುತ್ತದೆ, ಮುಂದೆ ಯಾರ ಕಾಗದವೂ ಇಲ್ಲ. ವಾಟ್ಸಾಪ್ ನಂಬರ್ ಕೊಡುತ್ತಾರೆ ನಿಜ. ಶುಕ್ರವಾರ ರೆಕಾರ್ಡ್ ಮಾಡಿದ ಶೋಗೆ ಭಾನುವಾರ ವಾಟ್ಸಾಪ್ ಕಳಿಸಿದರೆ ಅದನ್ನು ಯಾರು ಓದುತ್ತಾರೆ ಅಂತ ಯಾರಾದರೂ ಹೇಳಿದರೆ ಒಳ್ಳೇದಿತ್ತು.

ಇದು ನಮ್ಮ ಒಂದೂರಿನ ರೋಗವೂ ಅಲ್ಲ. ಇಂಗ್ಲೆಂಡಿನಲ್ಲಿ 2019ರಲ್ಲಿ ಒಂದೇ ಕಂಪನಿ ತನ್ನ ಊರೂರಿನ ಸ್ಟೇಷನ್ನುಗಳ ಹತ್ತಾರು ಬೆಳಗಿನ ಶೋಗಳನ್ನು ನಿಲ್ಲಿಸಿ ಲಂಡನ್ನಿನಿಂದಲೇ ದೇಶಕ್ಕೆಲ್ಲ ಬಡಿಸಲು ಶುರು ಮಾಡಿತು. ನಮ್ಮಲ್ಲೂ 2011ರ ನೀತಿ ಬಂದ ಮೇಲೆ ಒಂದು ಕಂಪನಿ ತನ್ನ ಎಲ್ಲ ಸ್ಟೇಷನ್ನಿಗೂ ಒಂದೇ ಕಾರ್ಯಕ್ರಮ ಹಾಕಬಹುದು. ಬೆಂಗಳೂರಿನಲ್ಲಿ ಅಡುಗೆ ಮಾಡಿ ಮೈಸೂರಿಗೂ ಮಂಗಳೂರಿಗೂ ಕಲಬುರಗಿಗೂ ಟಿಫಿನ್ ಕ್ಯಾರಿಯರಿನಲ್ಲಿ ಕಳಿಸುವುದು ಅಂದರೆ ಉಳಿತಾಯವೇ. ಕಲಬುರಗಿಯವರಿಗೆ ಬೆಂಗಳೂರಿನ ಸಾರು ಸಪ್ಪೆ ಅನ್ನಿಸಿದರೆ ಏನು ಮಾಡುವುದು, ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗ ಇಲ್ಲ.

ಇನ್ನು ಭಾಷೆ. ಬೆಂಗಳೂರಿನಲ್ಲಿ ಕೆಲವು ಸ್ಟೇಷನ್ನುಗಳು ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ಕಪ್ಪೆಯ ಹಾಗೆ ಹಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ರಾತ್ರಿ ಕನ್ನಡ ಕೇಳಿ ಮಲಗಿದವರು ಬೆಳಗ್ಗೆ ಎದ್ದರೆ ಹಿಂದಿ. ಜಾಹೀರಾತು ಎಲ್ಲಿದೆಯೋ ಅಲ್ಲಿ ಭಾಷೆ. ಒಂದು ದನಿ ಊರಿನ ಕಿವಿಗೆ ರೂಢಿಯಾಗಬೇಕಾದರೆ ಏನಿಲ್ಲವೆಂದರೂ ಎರಡು ವರ್ಷ ಬೇಕು. ಅಷ್ಟರಲ್ಲಿ ಸ್ಟೇಷನ್ನಿನ ಭಾಷೆಯೇ ಬದಲಾಗಿರುತ್ತದೆ.

ಆವತ್ತಿನ ಪ್ರಯಾಣಕ್ಕೆ ವಾಪಸ್ ಬರುತ್ತೇನೆ. ತುಮಕೂರು ದಾಟಿದ ಮೇಲೆ ಬೆಂಗಳೂರಿನ ದನಿಗಳು ಒಂದೊಂದಾಗಿ ಖರಖರ ಅನ್ನಲು ಶುರು ಮಾಡಿದವು. ತಿಪಟೂರಿನ ಹೊತ್ತಿಗೆ ಏನೂ ಇಲ್ಲ. ಯುಎಸ್‌ಬಿ ಹಾಕಬಹುದಿತ್ತು, ಹಠಕ್ಕೆ ಹಾಕಲಿಲ್ಲ. ಅರಸೀಕೆರೆ ದಾಟಿದ ಮೇಲೆ ಸ್ಕ್ಯಾನ್ ಒತ್ತಿದರೆ ಆಕಾಶವಾಣಿ ಸಿಕ್ಕಿತು. ಯಾರೋ ಒಬ್ಬರು, ದನಿ ಕೇಳಿದರೆ ಸ್ಕೂಲ್ ಟೀಚರ್ ಇರಬೇಕು ಅನ್ನಿಸಿತು, ತೆಂಗಿನ ನುಸಿಗೆ ಏನು ಮಾಡಬೇಕು ಅಂತ ಹೇಳುತ್ತಿದ್ದವರ ಮಾತು ಮುಗಿಸಿ ಹಾಡು ಹಾಕಿದರು. ಕಿಟಕಿಯ ಎರಡೂ ಕಡೆ ತೆಂಗಿನ ತೋಟ. ನನಗೆ ತೆಂಗಿಲ್ಲ, ನುಸಿಯೂ ಇಲ್ಲ. ಆದರೂ ಸೌಂಡು ಜಾಸ್ತಿ ಮಾಡಿದೆ.

ಆದರೆ ಆಕಾಶವಾಣಿಯನ್ನೂ ಹೊಗಳಿ ಬಿಟ್ಟುಬಿಡುವ ಹಾಗಿಲ್ಲ. ಊರಿನ ಸ್ಟೇಷನ್ನುಗಳಲ್ಲಿ ಮೈಕ್ ಮುಂದೆ ಕೂರುವವರು ಬಹಳ ಮಂದಿ ಕ್ಯಾಶುಯಲ್ ಅನೌನ್ಸರುಗಳು. ಟೀಚರು, ಗೃಹಿಣಿ, ಕಾಲೇಜು ಹುಡುಗರು, ತಿಂಗಳಿಗೆ ಕೆಲವೇ ಡ್ಯೂಟಿ. ಇವರೇ ಉಳಿದಿರುವ ಊರಿನ ದನಿ. ಕಾಯಂ ಆಗಿದ್ದವರು ಒಬ್ಬೊಬ್ಬರೇ ರಿಟೈರ್ ಆದರು, ಬಹಳ ವರ್ಷ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಹೊತ್ತನ್ನು ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುವ ರಿಲೇ ತುಂಬುತ್ತದೆ. ಖಾಸಗಿಯವರು ದುಡ್ಡಿಗಾಗಿ ಮಾಡಿದ್ದನ್ನು ಸರ್ಕಾರ ಜನ ಇಲ್ಲದೆ ಮಾಡುತ್ತಿದೆ.

ಸಮುದಾಯ ಬಾನುಲಿ ಅಂತ ಇನ್ನೊಂದಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ಗಾಳಿಯಲ್ಲಿ ಬಿಡಲು ಅನುಮತಿ ಇರಲಿಲ್ಲ, ಕೇಬಲ್ಲಿನಲ್ಲಿ ಮನೆಮನೆಗೆ ಕಳಿಸಿದರು. ಎಂಥ ತಲೆ ನೋಡಿ! ಸರಗೂರಿನ 'ಜನಧ್ವನಿ', ಮಂಗಳೂರಿನ 'ಸಾರಂಗ', ಬೆಂಗಳೂರಿನ 'ರೇಡಿಯೊ ಆ್ಯಕ್ಟಿವ್', ಇವನ್ನೆಲ್ಲ ಕೇಳಿದರೆ ಊರು ಕೇಳಿಸುತ್ತದೆ. ಆದರೆ 50ರಿಂದ 100 ವಾಟಿನ ಶಕ್ತಿ, ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮುಗಿಯಿತು. ಮೇಲಾಗಿ ಇವು ಹಾಡಿನ ಸ್ಟೇಷನ್ನುಗಳಲ್ಲ. ನಾನು ಕೇಳುತ್ತಿರುವುದು ಹಾಡು ಹಾಕುತ್ತಾ ಹಾಕುತ್ತಾ ನಮ್ಮೂರಿನ ಹಾಗೆ ಮಾತಾಡುವ ಒಬ್ಬ ಮನುಷ್ಯ. ಹಾಡಂತೂ ಫೋನಿನಲ್ಲಿ ಬೇಕಾದಷ್ಟಿದೆ. ರೇಡಿಯೊ ಹಾಕುವುದೇ ಆ ಮನುಷ್ಯನಿಗೋಸ್ಕರ. ಅವನನ್ನೇ ತೆಗೆದುಹಾಕಿ, ಆಮೇಲೆ ಜನ ಯಾಕೆ ರೇಡಿಯೊ ಕೇಳಲ್ಲ ಅಂತ ಸರ್ವೆ ಮಾಡಿಸುತ್ತಾರೆ.

ಆವತ್ತು ತರೀಕೆರೆ ದಾಟುವಾಗ ನಿಜವಾದ ಮಳೆ ಹಿಡಿಯಿತು. ಮನೆ ಮುಟ್ಟಿದಾಗ ಕರೆಂಟಿಲ್ಲ. ಅಮ್ಮ ಜಗಲಿಯಲ್ಲಿ ಸೆಲ್ಲಿನ ರೇಡಿಯೊ ಇಟ್ಟುಕೊಂಡು ಕೂತಿದ್ದಳು. ಅಪ್ಪನ ಹಳೇ ಡಬ್ಬಾ ಅಲ್ಲ, ಅದು ಅಟ್ಟದ ಮೇಲಿದೆ, ಚುಕ್ಕೆ ಸಮೇತ. ಇದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದ ಚಿಕ್ಕದು. "ಬಂದ್ಯಾ? ಮಳೆ ಸಿಕ್ತಾ?" ಅಂದಳು. "ಬೆಂಗಳೂರಲ್ಲೇ ಸಿಕ್ತು, ರೇಡಿಯೊದಲ್ಲಿ" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಈಗ ಬೆಂಗಳೂರಿನಲ್ಲಿ ನಾನು ಫೋನಿನಲ್ಲಿ ಆಕಾಶವಾಣಿಯ ಆ್ಯಪ್ ಹಾಕಿಕೊಂಡು ಭದ್ರಾವತಿ ಕೇಳುತ್ತೇನೆ. ಒಂದೇ ತೊಂದರೆ, ಆ್ಯಪಿನಲ್ಲಿ ಸ್ವಲ್ಪ ತಡವಾಗಿ ಬರುತ್ತದೆ. ಮೊನ್ನೆ ಸಂಜೆ ಅಮ್ಮನಿಗೆ ಫೋನ್ ಮಾಡಿದ್ದೆ. ಅವಳ ಹಿಂದೆ ರೇಡಿಯೊ, ನನ್ನ ಮುಂದೆ ಲ್ಯಾಪ್‌ಟಾಪಿನಲ್ಲಿ ಅದೇ ರೇಡಿಯೊ. ನಾನು "ತಡಿ ಅಮ್ಮ, ಈಗ ಧಾರಣೆ ಹೇಳ್ತಾರೆ, ರಾಶಿ ಎಷ್ಟು ಕೇಳೋಣ" ಅಂದೆ.

"ಎಂತ ಕೇಳ್ತೀಯ ಮಾರಾಯ್ತಿ" ಅಂದಳು. "ಇಲ್ಲಿ ಧಾರಣೆ ಮುಗ್ದು ಹಾಡೂ ಶುರುವಾತು. ನಿಂದು ಇನ್ನೂ ತರೀಕೆರೆ ದಾಟಿಲ್ಲ ಕಾಣ್ತದೆ."